ಭುಜ ಮುರಿದವರನ್ನೇ ಮೊದಲು ಕೇಳಿ

(ಹಿರಿಯರು ಮತ್ತು ಅವರ ಮನೆಯವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಹಿಡಿದುಕೊಂಡಿತು ಅಂದರೆ ನಮ್ಮ ಮಲೆನಾಡಿನಲ್ಲಿ ನನ್ನಂಥ ಮೂಳೆ ಡಾಕ್ಟರುಗಳಿಗೆ ಕೆಲಸ ಜಾಸ್ತಿ. ಅಂಗಳದಲ್ಲಿ ಪಾಚಿ, ಬಚ್ಚಲಿಗೆ ಹೋಗುವ ದಾರಿ ಒದ್ದೆ, ರಾತ್ರಿ ಕರೆಂಟ್ ಇಲ್ಲ. ಹಿರಿಯರು ಜಾರಿ ಬೀಳುತ್ತಾರೆ. ಬಿದ್ದರೆ ಮುರಿಯುವುದು ಹೆಚ್ಚಾಗಿ ಮೂರು ಜಾಗ: ಸೊಂಟ, ಮಣಿಕಟ್ಟು, ಭುಜ. ಸೊಂಟ ಮುರಿದರೆ ಇಡೀ ಮನೆ ಎದ್ದು ನಿಲ್ಲುತ್ತದೆ. ಭುಜ ಮುರಿದರೆ "ಕೈ ತಾನೇ, ಹೇಗೋ ಕೂಡಿಕೊಳ್ಳುತ್ತದೆ" ಅನ್ನುತ್ತಾರೆ. ಇಲ್ಲವೇ ಗಾಬರಿಯಾಗಿ "ಇವತ್ತೇ ಆಪರೇಷನ್ ಮಾಡಿಬಿಡಿ" ಅನ್ನುತ್ತಾರೆ. ಈ ಎರಡರ ನಡುವೆ ಮಾತಾಡಬೇಕಾದದ್ದು ಬಹಳ ಇದೆ. ಅದಕ್ಕೇ ಇವತ್ತು ಈ ಒಂದು ಮುರಿತದ ಬಗ್ಗೆ ಮಾತ್ರ ಮಾತಾಡುತ್ತೇನೆ.

ನನ್ನ ಸೋದರತ್ತೆಯಿಂದ ಶುರು ಮಾಡುತ್ತೇನೆ. ಆಗ ಅವರಿಗೆ 78 ವರ್ಷ. ತುಳಸಿಕಟ್ಟೆಯ ಹತ್ತಿರ ಜಾರಿ ಬಲಗಡೆಗೆ ಬಿದ್ದರು. ಎಕ್ಸ್‌ರೇ ತೆಗೆದೆವು. ತೋಳಿನ ಮೂಳೆಯ ಮೇಲ್ತುದಿ ನಾಲ್ಕು ಚೂರಾಗಿತ್ತು. ನಾನು, ಅತ್ತೆಯ ಮಗ ಇಬ್ಬರೂ ಮಂಚದ ಕಾಲ್ದೆಸೆಯಲ್ಲಿ ನಿಂತು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮಾತಾಡುತ್ತಿದ್ದೆವು. ಪ್ಲೇಟ್ ಹಾಕುವುದಾ, ಕೀಲು ಬದಲಿಸುವುದಾ, ಖರ್ಚೆಷ್ಟು, ಹಾರ್ಟ್ ಡಾಕ್ಟರಿಗೆ ತೋರಿಸಬೇಕಾ ಅಂತ. ಹತ್ತು ನಿಮಿಷ ಕೇಳಿಸಿಕೊಂಡ ಅತ್ತೆ ಹೇಳಿದರು: "ಮಗಾ, ನನ್ನ ಕೈ ವಿಷಯ ಅಲ್ವಾ ಮಾತಾಡ್ತಿರೋದು? ನನಗೂ ಒಂದು ಮಾತು ಹೇಳಿ. ನನ್ನ ತಲೆ ನಾನೇ ಬಾಚಿಕೊಳ್ಳೋಕೆ ಆಗತ್ತಾ?"

ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಅಷ್ಟು ವರ್ಷ ಇದೇ ಕೆಲಸ ಮಾಡಿದ್ದೆ. ಆದರೂ ಆ ಹೊತ್ತಿನ ತನಕ ನಾನು ನೋಡಿದ್ದು ಎಕ್ಸ್‌ರೇಯನ್ನು, ಅತ್ತೆಯನ್ನಲ್ಲ. ಈ ಮಾತು ಹೇಳಲು ನನಗೆ ಈಗಲೂ ಕಷ್ಟವಾಗುತ್ತದೆ.

ಅವರ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಭುಜ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದು ನೆನಪಿದೆಯಲ್ಲ? ಭುಜದ ಕೀಲು ಹೆಚ್ಚುಕಡಿಮೆ ಹಾಗೇ ಇದೆ. ತೋಳಿನ ಮೂಳೆಯ ತುದಿಯ ಗುಂಡು ದೊಡ್ಡದು. ಅದು ಕೂರುವ ಬಟ್ಟಲು, ಅಂದರೆ ಹೆಗಲ ಹಲಗೆಯ ಮೂಳೆಯಲ್ಲಿರುವ ಗುಳಿ, ಸಣ್ಣದು ಮತ್ತು ಆಳವಿಲ್ಲದ್ದು. ಸೊಂಟದ ಕೀಲು ಹಾಗಲ್ಲ, ಅಲ್ಲಿ ಗುಂಡು ಬಟ್ಟಲಿನೊಳಗೆ ಹುದುಗಿ ಕೂತಿರುತ್ತದೆ. ಆಳ ಇಲ್ಲದ್ದರಿಂದಲೇ ಕೈಯನ್ನು ಎಲ್ಲ ಕಡೆಗೂ ತಿರುಗಿಸಲು ನಮಗೆ ಆಗುವುದು. ಹಾಗಾದರೆ ನಿಂಬೆಹಣ್ಣು ಉರುಳಿ ಹೋಗದಂತೆ ಹಿಡಿಯುವವರು ಯಾರು? ನಾಲ್ಕು ಸಣ್ಣ ಸ್ನಾಯುಗಳು. ರೊಟೇಟರ್ ಕಫ್ ಅನ್ನುತ್ತೇವೆ. ಇವು ಗುಂಡಿನ ಪಕ್ಕದ ಎರಡು ಗುಬಟುಗಳಿಗೆ, ಒಂದು ದೊಡ್ಡದು ಒಂದು ಸಣ್ಣದು, ಹಗ್ಗದ ಹಾಗೆ ಅಂಟಿಕೊಂಡಿವೆ. ಇವು ಗುಂಡನ್ನು ಬಟ್ಟಲಿಗೆ ಒತ್ತಿ ಹಿಡಿಯುತ್ತವೆ. ಆಗ ಹೊರಗಿನ ದೊಡ್ಡ ಸ್ನಾಯು ಡೆಲ್ಟಾಯ್ಡ್ ಕೈಯನ್ನು ಮೇಲೆತ್ತುತ್ತದೆ. ನಿಮ್ಮ ಎಡಗೈಯನ್ನು ಬಲ ಭುಜದ ಮೇಲಿಟ್ಟು ಬಲಗೈ ಎತ್ತಿ ನೋಡಿ. ಅಂಗೈ ಕೆಳಗೆ ಗಟ್ಟಿಯಾಗುತ್ತದಲ್ಲ, ಅದೇ ಡೆಲ್ಟಾಯ್ಡ್.

ವಯಸ್ಸಾದವರು ಬಿದ್ದಾಗ ಮುರಿಯುವುದು ಇದೇ ಗುಂಡಿನ ಕುತ್ತಿಗೆ. ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಅನ್ನುವ ಸರ್ಜನ್ 1970ರಲ್ಲಿ ಒಂದು ಲೆಕ್ಕ ಹಾಕಿಕೊಟ್ಟರು. ಗುಂಡು, ದೊಡ್ಡ ಗುಬಟು, ಸಣ್ಣ ಗುಬಟು, ತೋಳಿನ ಕೋಲು, ಹೀಗೆ ನಾಲ್ಕು ಭಾಗ. ಒಂದು ಭಾಗ 1 ಸೆಂಟಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಅಥವಾ 45 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಮಾತ್ರ ಅದನ್ನು ಬೇರೆ ತುಂಡು ಅಂತ ಎಣಿಸಬೇಕು. ಇಂದಿಗೂ ಡಾಕ್ಟರುಗಳು "ತ್ರೀ ಪಾರ್ಟ್", "ಫೋರ್ ಪಾರ್ಟ್" ಅಂತ ಮಾತಾಡುವುದು ಇದೇ ಲೆಕ್ಕದಲ್ಲಿ. ಗೆರೆ ನಾಲ್ಕಿದ್ದರೂ ತುಂಡು ಸರಿಯದಿದ್ದರೆ ಅದು ಸರಳ ಮುರಿತವೇ.

ಸರಳ ಮುರಿತಕ್ಕೆ ಆಪರೇಷನ್ ಬೇಡ. ಭುಜ ಮುರಿದ ಹಿರಿಯರಲ್ಲಿ ಬಹುಪಾಲು ಜನರಿಗೆ ಬೇಡ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊಲಿಗೆ ಹಾಕದೆ ಮನೆಗೆ ಕಳಿಸಿದರೆ "ಡಾಕ್ಟರು ಏನೂ ಮಾಡಲಿಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕೈಯನ್ನು ಕುತ್ತಿಗೆಯಿಂದ ಇಳಿಬಿಟ್ಟ ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿ, ನೋವಿಗೆ ಮಾತ್ರೆ ಕೊಟ್ಟು, ಒಂದೆರಡು ವಾರದಲ್ಲಿ ವ್ಯಾಯಾಮ ಶುರು ಮಾಡಿಸುವುದೂ ಪೂರ್ತಿ ಚಿಕಿತ್ಸೆಯೇ. ಬ್ರಿಟನ್ನಿನ 32 ಆಸ್ಪತ್ರೆಗಳು ಸೇರಿ ಸರಿದ ಮುರಿತಗಳಿದ್ದ 250 ಜನರ ಮೇಲೆ ಪ್ರೊಫರ್ ಅನ್ನುವ ಅಧ್ಯಯನ ಮಾಡಿದವು. ಅರ್ಧ ಜನರಿಗೆ ಆಪರೇಷನ್, ಅರ್ಧ ಜನರಿಗೆ ಜೋಳಿಗೆ. ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಭುಜ ಹೇಗಿದೆ ಅಂತ ರೋಗಿಗಳೇ 48ಕ್ಕೆ ಅಂಕ ಕೊಟ್ಟರು. ಎರಡು ವರ್ಷಗಳಲ್ಲಿ ಆಪರೇಷನ್ ಆದವರದು ಸುಮಾರು 39, ಜೋಳಿಗೆಯವರದು ಸುಮಾರು 38. ಫಲಿತಾಂಶ ಬಂದದ್ದು 2015ರಲ್ಲಿ. ನಮ್ಮಂಥ ಸರ್ಜನ್ನರು ತುಂಬಾ ಯೋಚನೆ ಮಾಡುವಂತಾಯಿತು. ಆದರೆ ಒಂದು ವಿಷಯ ಗಮನಿಸಬೇಕು. ಅಲ್ಲಿ ಆಪರೇಷನ್ ಆದವರಲ್ಲಿ ಹೆಚ್ಚಿನವರಿಗೆ ಹಾಕಿದ್ದು ಪ್ಲೇಟು. ನಾನು ಮುಂದೆ ಹೇಳುವ ಉಲ್ಟಾ ಕೀಲಿಗೆ ಆ ಲೆಕ್ಕವನ್ನು ಹಾಗೇ ಹಚ್ಚಲು ಬರುವುದಿಲ್ಲ.

ಜೋಳಿಗೆ ಕಟ್ಟಿ ಮನೆಗೆ ಕಳಿಸಿದ ಮೂರನೇ ನಾಲ್ಕನೇ ದಿನಕ್ಕೆ ಫೋನ್ ಬರುತ್ತದೆ. "ಡಾಕ್ಟ್ರೇ, ಅಮ್ಮನ ಕೈ ಕಪ್ಪಾಗಿದೆ, ಮೊಣಕೈ ತನಕ ಇಳಿದಿದೆ, ಎದೆಯ ಪಕ್ಕದಲ್ಲೂ ಇದೆ." ಹೆದರಬೇಡಿ. ಮುರಿದ ಮೂಳೆಯಿಂದ ಬಂದ ರಕ್ತ ಚರ್ಮದ ಕೆಳಗೆ ನಿಧಾನಕ್ಕೆ ಇಳಿಯುತ್ತದೆ. ಮೊದಲು ನೇರಳೆ, ಆಮೇಲೆ ಹಸಿರು, ಆಮೇಲೆ ಹಳದಿಯಾಗಿ ಎರಡು ಮೂರು ವಾರದಲ್ಲಿ ಹೋಗುತ್ತದೆ. ಎಣ್ಣೆ ಹಾಕಿ ತಿಕ್ಕಬೇಡಿ. ನಾಟಿ ಕಟ್ಟು ಹಾಕಿಸಿ ಬಿಗಿ ಮಾಡಬೇಡಿ. ಬೆರಳು ತಣ್ಣಗಾದರೆ, ಮರಗಟ್ಟಿದರೆ, ಮಣಿಕಟ್ಟು ಮೇಲೆತ್ತಲು ಆಗದಿದ್ದರೆ ಮಾತ್ರ ತಕ್ಷಣ ಬನ್ನಿ. ಇನ್ನೊಂದು ಮಾತು. ಮೊದಲ ಕೆಲವು ವಾರ ಮಲಗಿದರೆ ನೋವು ಜಾಸ್ತಿ. ಒರಗು ಕುರ್ಚಿಯಲ್ಲಿ, ಇಲ್ಲವೇ ಬೆನ್ನಿಗೆ ಮೂರು ದಿಂಬು ಕೊಟ್ಟು ಅರ್ಧ ಕೂತ ಹಾಗೆ ಮಲಗಿಸಿ. ಎಷ್ಟೋ ಜನಕ್ಕೆ ಮಾತ್ರೆಗಿಂತ ಇದರಿಂದ ಹೆಚ್ಚು ನಿದ್ದೆ ಬರುತ್ತದೆ.

ಹಾಗಾದರೆ ಆಪರೇಷನ್ ಯಾರಿಗೆ? ನಾಲ್ಕು ತುಂಡಾಗಿ ಎಲ್ಲವೂ ಚದುರಿದಾಗ, ಗುಂಡೇ ಸೀಳಿದಾಗ, ಮುರಿದ ಗುಂಡು ಬಟ್ಟಲಿನಿಂದ ಹೊರಗೆ ಬಿದ್ದಾಗ ಮಾತು ಬೇರೆಯಾಗುತ್ತದೆ. ಗುಂಡಿಗೆ ರಕ್ತ ತರುವ ಸಣ್ಣ ನಾಳಗಳು ಕಡಿದಿದ್ದರೆ ಗುಂಡು ಒಳಗೇ ಸತ್ತು ಕುಸಿಯಬಹುದು. ಪ್ಲೇಟ್ ಹಾಕೋಣ ಅಂದರೆ ಹಿರಿಯರ ಮೂಳೆ ಮೇಲೆ ತೆಳು ಚಿಪ್ಪು, ಒಳಗೆ ಬಹುತೇಕ ಖಾಲಿ. ಗೆದ್ದಲು ತಿಂದ ತೊಲೆಗೆ ಮೊಳೆ ಹೊಡೆದ ಹಾಗೆ. ಹೊಡೆಯುವಾಗ ನಿಲ್ಲುತ್ತದೆ, ಭಾರ ಬಿದ್ದಾಗ ಸಡಿಲವಾಗುತ್ತದೆ. ಕೆಲವೊಮ್ಮೆ ಗುಂಡು ಕುಸಿದು ಸ್ಕ್ರೂ ಕೀಲಿನೊಳಗೆ ತೂರಿಕೊಂಡು ಬಟ್ಟಲನ್ನೇ ಕೆರೆಯುತ್ತದೆ. ಇಂಥ ಕಡೆ ಕೀಲು ಬದಲಿಸುವ ಯೋಚನೆ ಬರುತ್ತದೆ.

ಭುಜದ ಕೀಲು ಬದಲಿಸುವುದು ಹೊಸ ವಿಷಯವೇನೂ ಅಲ್ಲ. 1893ರಲ್ಲೇ ಪ್ಯಾರಿಸ್ಸಿನ ಜೂಲ್ ಪೆಯಾನ್ ಅನ್ನುವ ಸರ್ಜನ್, ಕ್ಷಯದಿಂದ ಭುಜ ಹಾಳಾಗಿದ್ದ 37 ವರ್ಷದ ರೋಗಿಯೊಬ್ಬನಿಗೆ ಪ್ಲಾಟಿನಂ ಮತ್ತು ರಬ್ಬರಿನ ಕೀಲು ಹಾಕಿದರು. ಅದನ್ನು ಮಾಡಿಕೊಟ್ಟವರು ಒಬ್ಬ ಹಲ್ಲಿನ ಡಾಕ್ಟರು! ಸುಮಾರು ಎರಡು ವರ್ಷದ ನಂತರ ಸೋಂಕಿನಿಂದ ಅದನ್ನು ತೆಗೆಯಬೇಕಾಯಿತು. ಮುರಿತಕ್ಕೆ ಲೋಹದ ಗುಂಡು ಹಾಕುವ ಕ್ರಮವನ್ನು 1950ರ ದಶಕದಲ್ಲಿ ಬೆಳೆಸಿದವರು ಆಗಲೇ ಹೇಳಿದ ಚಾರ್ಲ್ಸ್ ನೀರ್. ಒಡೆದ ಗುಂಡನ್ನು ತೆಗೆದು ಲೋಹದ ಗುಂಡು ಕೂರಿಸುವುದು, ಬಟ್ಟಲನ್ನು ಹಾಗೇ ಬಿಡುವುದು. ಅರ್ಧ ಕೀಲು ಅನ್ನೋಣ.

ನಾನು ಕೆಲಸ ಕಲಿತ ಕಾಲದಲ್ಲಿ ನಾವೆಲ್ಲ ಹಾಕುತ್ತಿದ್ದದ್ದು ಈ ಅರ್ಧ ಕೀಲನ್ನೇ. ನೋವು ಕಡಿಮೆಯಾಗುತ್ತಿತ್ತು. ಆದರೆ ಕೈ ಮೇಲೇಳುತ್ತದೋ ಇಲ್ಲವೋ ಅನ್ನುವುದು ಅದೃಷ್ಟದ ಮಾತಾಗಿತ್ತು. ಯಾಕೆ ಅಂದರೆ, ಆ ಎರಡು ಗುಬಟುಗಳನ್ನು ಲೋಹದ ಕೋಲಿಗೆ ದಾರದಿಂದ ಬಿಗಿದು ಕಟ್ಟಿರುತ್ತೇವೆ. ಅವು ಕೂಡಿಕೊಂಡರೆ ಸ್ನಾಯು ಕೆಲಸ ಮಾಡುತ್ತದೆ. ಹಿರಿಯರ ಟೊಳ್ಳು ಮೂಳೆಯಲ್ಲಿ ಅವು ಎಷ್ಟೋ ಸಲ ಕೂಡುವುದಿಲ್ಲ, ಕರಗಿಯೇ ಹೋಗುತ್ತವೆ. ಆಗ ನಿಂಬೆಹಣ್ಣು ಹಿಡಿಯುವವರು ಯಾರೂ ಇಲ್ಲ. ಡೆಲ್ಟಾಯ್ಡ್ ಎಳೆದರೆ ಗುಂಡು ಸುಮ್ನೆ ಮೇಲಕ್ಕೆ ಜಾರುತ್ತದೆ, ಕೈ ಏಳುವುದಿಲ್ಲ. ಒಬ್ಬ ಅಜ್ಜಿ ನನಗೆ ಈಗಲೂ ಕಣ್ಣ ಮುಂದೆ ಇದ್ದಾರೆ. ಎಕ್ಸ್‌ರೇ ನೋಡಿದರೆ ಕೀಲು ಚಂದಕ್ಕೆ ಕೂತಿತ್ತು. ಆರು ತಿಂಗಳಾದರೂ ಊಟ ಮಾಡುವಾಗ ಅವರು ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಹಿಡಿದು ತುತ್ತು ಬಾಯಿಗೆ ಇಡುತ್ತಿದ್ದರು.

ಈ ಗಂಟನ್ನು ಬೇರೆ ದಾರಿಯಿಂದ ಬಿಡಿಸಿದವರು ಫ್ರಾನ್ಸಿನ ದಿಜೋನ್ ಊರಿನ ಪಾಲ್ ಗ್ರಾಮೋಂ. 1985ರಲ್ಲಿ ಅವರು ಕೀಲನ್ನು ಉಲ್ಟಾ ಮಾಡಿದರು. ಗುಂಡನ್ನು ಹೆಗಲ ಹಲಗೆಗೆ ಕೂರಿಸಿದರು, ಬಟ್ಟಲನ್ನು ತೋಳಿನ ಮೂಳೆಗೆ ಹಾಕಿದರು. ಇದೇ ರಿವರ್ಸ್ ಶೋಲ್ಡರ್. ಅವರು ಮೊದಲು ಮಾಡಿದ್ದು ಕಫ್ ಪೂರ್ತಿ ಹರಿದುಹೋದವರಿಗೆ. ಮುರಿತಕ್ಕೆ ಬಳಸಿದ್ದು ಆಮೇಲೆ.

ಉಲ್ಟಾ ಮಾಡಿದರೆ ಏನು ಲಾಭ? ಇಲ್ಲಿ ಕೂತಿರುವ ಹಿರಿಯರು ಏತ ನೋಡಿರುತ್ತೀರಿ. ಆಸರೆ ಕಂಬ ಎಲ್ಲಿದೆ ಅನ್ನುವುದರ ಮೇಲೆ ನೀರೆತ್ತುವ ಶ್ರಮ ನಿಂತಿದೆ. ಅದನ್ನು ಸರಿಯಾದ ಕಡೆಗೆ ಸರಿಸಿದರೆ ಅದೇ ನೀರು ಕಡಿಮೆ ಬಲಕ್ಕೆ ಮೇಲೆ ಬರುತ್ತದೆ. ಉಲ್ಟಾ ಕೀಲಿನಲ್ಲಿ ತೋಳು ತಿರುಗುವ ಬಿಂದು ಎದೆಯ ಕಡೆಗೆ ಮತ್ತು ಕೆಳಕ್ಕೆ ಸರಿಯುತ್ತದೆ. ಡೆಲ್ಟಾಯ್ಡ್‌ಗೆ ಉದ್ದದ ಸನ್ನೆ ಸಿಗುತ್ತದೆ, ಸ್ನಾಯು ಬಿಗಿಯಾಗಿಯೂ ನಿಲ್ಲುತ್ತದೆ. ಕಫ್ ಸಹಾಯ ಮಾಡದಿದ್ದರೂ ಅದೊಂದೇ ಕೈಯನ್ನು ಎತ್ತುತ್ತದೆ. ಗುಬಟು ಕೂಡದಿದ್ದರೂ ಬಹಳ ಜನರ ಕೈ ಭುಜದ ಮಟ್ಟಕ್ಕಿಂತ ಮೇಲೆ ಹೋಗುತ್ತದೆ. ಹಾಗಂತ ನಾವು ಗುಬಟುಗಳನ್ನು ಬಿಟ್ಟುಬಿಡುವುದಿಲ್ಲ. ಕಟ್ಟೇ ಕಟ್ಟುತ್ತೇವೆ. ತೆಗೆದ ಗುಂಡಿನೊಳಗಿನ ಮೂಳೆಯನ್ನೂ ಎಸೆಯುವುದಿಲ್ಲ. ಅದನ್ನೇ ಸಣ್ಣಗೆ ಮಾಡಿ ಗುಬಟುಗಳ ಕೆಳಗೆ ತುಂಬುತ್ತೇವೆ. ದೊಡ್ಡ ಗುಬಟು ಕೂಡಿದರೆ ಕೈಯನ್ನು ಹೊರಕ್ಕೆ ತಿರುಗಿಸುವ ಶಕ್ತಿ ಬರುತ್ತದೆ. ತಲೆ ಬಾಚಲು ಬೇಕಾದದ್ದು ಅದೇ.

ನಾರ್ವೆಯಲ್ಲಿ 65ರಿಂದ 85 ವರ್ಷದ 124 ಜನರಲ್ಲಿ ಪ್ಲೇಟು ಮತ್ತು ಉಲ್ಟಾ ಕೀಲನ್ನು ಹೋಲಿಸಿದರು. ತೀವ್ರವಾಗಿ ಸರಿದ ಮುರಿತಗಳು ಅವು. 100ಕ್ಕೆ ಅಂಕ ಕೊಡುವ ಪರೀಕ್ಷೆಯಲ್ಲಿ ಎರಡು ವರ್ಷಕ್ಕೆ ಉಲ್ಟಾ ಕೀಲಿಗೆ 68, ಪ್ಲೇಟಿಗೆ ಸುಮಾರು 55. ಇದು ಸಣ್ಣ ಅಂತರ ಅಲ್ಲ. ಆದರೆ ಸ್ಪೇನಿನಲ್ಲಿ 80 ದಾಟಿದ 59 ಜನರಲ್ಲಿ ಉಲ್ಟಾ ಕೀಲನ್ನು ಬರೀ ಜೋಳಿಗೆಯ ಜೊತೆ ಹೋಲಿಸಿದಾಗ, ಒಂದು ವರ್ಷದ ಹೊತ್ತಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನೋವು ಸ್ವಲ್ಪ ಕಡಿಮೆ ಇತ್ತು, ಅಷ್ಟೇ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕು. ನನ್ನ ಅಭಿಪ್ರಾಯ ಹೀಗೆ: 70ರ ಆಸುಪಾಸಿನಲ್ಲಿದ್ದು, ಮನೆಗೆಲಸ, ತೋಟ ಅಂತ ಓಡಾಡಿಕೊಂಡಿರುವವರ ಭುಜ ಪೂರ್ತಿ ಚದುರಿದ್ದರೆ, ಆಪರೇಷನ್ನೇ ಮಾಡುವುದಾದರೆ, ಉಲ್ಟಾ ಕೀಲು ಒಳ್ಳೆಯದು. ವಯಸ್ಸು 85 ದಾಟಿದ್ದು, ಹೃದಯ ಸೋತಿದ್ದು, ದಿನದ ಬೇಡಿಕೆ ಕಡಿಮೆ ಇದ್ದರೆ ಜೋಳಿಗೆಯನ್ನು ಕೀಳು ಅಂತ ನೋಡಬೇಡಿ. ನನ್ನಲ್ಲಿಗೆ ಬಂದ 86 ವರ್ಷದ ಮೇಷ್ಟ್ರು ಒಬ್ಬರ ಕೈ ಈಗ ಎದೆಯ ಮಟ್ಟಕ್ಕೆ ಮಾತ್ರ ಏಳುತ್ತದೆ. ಅವರಿಗೆ ಊಟ ಮಾಡಬೇಕಿತ್ತು, ಪೇಪರ್ ಓದಬೇಕಿತ್ತು. ಎರಡೂ ಆಗುತ್ತಿದೆ. "ಸಾಕು ಮಾರಾಯ್ರೆ" ಅಂದರು.

ಈಗ ಉಲ್ಟಾ ಕೀಲಿನ ಮಿತಿಗಳಿಗೆ ಬರೋಣ. ಇದನ್ನು ಆಪರೇಷನ್‌ಗೆ ಮೊದಲೇ ಹೇಳಬೇಕು. ಕೈ ಮೇಲೆ ಹೋಗುತ್ತದೆ, ಆದರೆ ಬೆನ್ನ ಹಿಂದೆ ಹೋಗುವುದು ಅನೇಕರಿಗೆ ಕಷ್ಟ. ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಸೀರೆಯ ನೆರಿಗೆ ಮುಂದೆ ಸಿಕ್ಕಿಸಬಹುದು, ಹಿಂದೆ ಸೆರಗು ಎಳೆದುಕೊಳ್ಳುವುದು ಕಷ್ಟ. ಇನ್ನೂ ಒಂದಿದೆ, ಸಂಕೋಚದಿಂದ ಯಾರೂ ಕೇಳುವುದಿಲ್ಲ, ಡಾಕ್ಟರುಗಳೂ ಹೇಳುವುದಿಲ್ಲ. ಎಡ ಭುಜಕ್ಕೆ ಉಲ್ಟಾ ಕೀಲು ಹಾಕಿದರೆ ಶೌಚದ ನಂತರ ತೊಳೆದುಕೊಳ್ಳಲು ಕೈ ಹಿಂದಕ್ಕೆ ಹೋಗದೆ ಇರಬಹುದು. ಮುಂದಿನಿಂದ ತೊಳೆದುಕೊಳ್ಳುವುದು, ಬಲಗೈ ಬಳಸುವುದು, ಕಮೋಡ್ ಪಕ್ಕದಲ್ಲಿ ಪೈಪಿನ ಜೆಟ್ ಹಾಕಿಸುವುದು, ಹೀಗೆ ದಾರಿಗಳಿವೆ. ಆದರೆ ಅದು ಮೊದಲೇ ಗೊತ್ತಿರಬೇಕು. ಆಪರೇಷನ್ ಆದ ಮೇಲೆ ಬಚ್ಚಲಲ್ಲಿ ನಿಂತು ಗೊತ್ತಾದರೆ ಎಂಥ ಅವಮಾನ ಅನಿಸುತ್ತದೆ, ಯೋಚಿಸಿ.

ಕೂತಲ್ಲಿಂದ ಏಳುವುದನ್ನೂ ಹೊಸದಾಗಿ ಕಲಿಯಬೇಕು. ನಾವು ನೆಲದಿಂದ ಏಳುವಾಗ ಕೈಯನ್ನು ಹಿಂದಕ್ಕೆ ಊರಿ ಒತ್ತುತ್ತೇವೆ. ಉಲ್ಟಾ ಕೀಲು ಜಾಗ ಬಿಟ್ಟು ಜಾರುವುದು ಅಂಥ ಭಂಗಿಯಲ್ಲೇ. ಮೊದಲ ಮೂರು ತಿಂಗಳು ಆ ಕೈ ಊರಿ ಏಳಲೇಬಾರದು. ನೆಲದ ಮೇಲೆ ಕೂರುವುದು ಬೇಡ, ಎತ್ತರದ ಕುರ್ಚಿ ಇರಲಿ. ಸೋಂಕು, ನರಕ್ಕೆ ಪೆಟ್ಟು, ಕೀಲು ತಪ್ಪುವುದು, ಹೆಗಲ ತುದಿಯ ಮೂಳೆ ಬಿರುಕು ಬಿಡುವುದು ಕೂಡ ಈ ಆಪರೇಷನ್ನಿನ ಅಪಾಯಗಳು. ಹೆಚ್ಚು ಜನಕ್ಕೆ ಆಗುವುದಿಲ್ಲ, ಆದರೆ ಆಗುತ್ತವೆ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಗೆ ತಂದುಕೊಳ್ಳಬೇಕು.

ಸಮಯದ ಬಗ್ಗೆಯೂ ಹೇಳಿಬಿಡುತ್ತೇನೆ. ಗಾಯ ತೆರೆದುಕೊಂಡಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ, ಗುಂಡು ಕೀಲಿನಿಂದ ಹೊರಬಿದ್ದಿದ್ದರೆ ತುರ್ತು. ಉಳಿದಂತೆ ಒಂದೆರಡು ವಾರ ಸಮಯ ಇರುತ್ತದೆ. ಸಿ.ಟಿ. ಮಾಡಿಸಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ಭುಜದ ಆಪರೇಷನ್ನನ್ನು ಪದೇಪದೇ ಮಾಡುವವರ ಹತ್ತಿರ ಹೋಗಿ. ತಿಂಗಳು ಕಳೆದರೆ ತುಂಡುಗಳು ಅಂಟಿಕೊಂಡು ಕೆಲಸ ಕಷ್ಟವಾಗುತ್ತದೆ.

ಅತ್ತೆಯ ವಿಷಯಕ್ಕೆ ವಾಪಸ್ ಬರುತ್ತೇನೆ. ಅವತ್ತು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ಕೇಳಿದೆ, "ಅತ್ತೆ, ಈ ಕೈಯಲ್ಲಿ ನೀವು ಏನೇನು ಮಾಡ್ತೀರಿ?" ಅವರ ಪಟ್ಟಿ ಉದ್ದ ಇತ್ತು. ತಲೆ ಬಾಚುವುದು. ದೇವರ ಗೂಡಿನಲ್ಲಿ ದೀಪ ಹಚ್ಚುವುದು, ಗೂಡು ಅವರ ಹಣೆಯ ಎತ್ತರಕ್ಕೆ ಇತ್ತು. ಅಟ್ಟದ ಕೆಳಗಿನ ಹಲಗೆಯಿಂದ ಉಪ್ಪಿನಕಾಯಿ ಭರಣಿ ಇಳಿಸುವುದು. ದೋಸೆ ಹುಯ್ಯುವುದು. ನಾನು ಒಂದೊಂದಕ್ಕೂ ಆಗುತ್ತದೆ, ಬಹುಶಃ ಆಗುತ್ತದೆ, ಆಗುವುದಿಲ್ಲ ಅಂತ ಹೇಳಿದೆ. ಭರಣಿಗೆ ಆಗುವುದಿಲ್ಲ ಅಂದೆ. "ಭರಣಿ ಸೊಸೆ ಇಳಿಸ್ತಾಳೆ. ದೀಪ ನಾನೇ ಹಚ್ಚಬೇಕು" ಅಂದರು. ಉಲ್ಟಾ ಕೀಲು ಹಾಕಿಸಿಕೊಂಡರು. ಆಪರೇಷನ್ ಮಾಡಿದ್ದು ನಾನಲ್ಲ, ನನಗಿಂತ ಹೆಚ್ಚು ಭುಜ ಮಾಡಿದ ಗೆಳೆಯ.

ಐದು ವಾರ ಜೋಳಿಗೆ. ಅದರಲ್ಲೇ ದಿನಕ್ಕೆ ಮೂರು ಸಲ ಮುಂದಕ್ಕೆ ಬಗ್ಗಿ ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗುವುದು. ಆಮೇಲೆ ಮಲಗಿಕೊಂಡು ಇನ್ನೊಂದು ಕೈಯಿಂದ ಎತ್ತುವುದು. ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುವುದು. ಅತ್ತೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಕು ಹಾಕುತ್ತಿದ್ದರು. ಎರಡು ತಿಂಗಳು ಗೆರೆ ಬಹಳ ಹತ್ತಿರ ಹತ್ತಿರ ಇತ್ತು, ಅವರಿಗೆ ಬೇಸರ ಬಂದಿತ್ತು. ಮೂರನೇ ತಿಂಗಳ ನಂತರ ಗೆರೆಗಳು ದೂರ ದೂರ ಹೋದವು. ನಾಲ್ಕೂವರೆ ತಿಂಗಳಿಗೆ ದೀಪ ಹಚ್ಚಿದರು. ಮುಂದಲೆ ಬಾಚಿಕೊಳ್ಳುತ್ತಾರೆ. ಹಿಂದೆ ತುರುಬು ಕಟ್ಟಲು ಈಗಲೂ ಸೊಸೆ ಬೇಕು.

ಒಬ್ಬರು ಕೇಳಿದರು: "ಈ ಕೀಲು ಎಷ್ಟು ವರ್ಷ ಬಾಳುತ್ತದೆ?" ಉಲ್ಟಾ ಕೀಲು ಹಾಕಿಸಿಕೊಂಡವರಲ್ಲಿ ಹತ್ತು ವರ್ಷದ ನಂತರವೂ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಅದೇ ಕೀಲು ಇರುತ್ತದೆ. ಭಾರದ ಕೊಡ, ಅಕ್ಕಿ ಮೂಟೆ ಎತ್ತಬಾರದು.

ಇನ್ನೊಬ್ಬರು: "ಆಪರೇಷನ್ ಆದರೆ ಎಲ್ಲ ಮುಗಿಯಿತು ತಾನೇ?" ಇಲ್ಲ. ನಿಂತ ಎತ್ತರದಿಂದ ಬಿದ್ದು ಭುಜ ಮುರಿಯಿತು ಅಂದರೆ ಮೂಳೆ ಟೊಳ್ಳಾಗಿದೆ ಅಂತಲೇ ಮೊದಲು ಅನುಮಾನಿಸಬೇಕು. "ಮೂಳೆ ಸವೆದಿದೆ" ಅಂತ ನಾವು ಮಂಡಿನೋವಿಗೂ ಹೇಳುತ್ತೇವೆ, ಇದಕ್ಕೂ ಹೇಳುತ್ತೇವೆ. ಎರಡೂ ಬೇರೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೆತ್ತೆ, ಇಲ್ಲಿ ಮೂಳೆಯ ಒಳಗಿನ ಸತ್ವವೇ ಹೋಗಿರುತ್ತದೆ. ಭುಜ ಮುರಿದವರಲ್ಲಿ ಮುಂದಿನ ಒಂದು ವರ್ಷದಲ್ಲಿ ಸೊಂಟ ಮುರಿಯುವ ಅಪಾಯ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ವಿಟಮಿನ್ ಡಿ ನೋಡಿಸಿ, ಮೂಳೆ ಗಟ್ಟಿಯಾಗುವ ಔಷಧಿಯ ಬಗ್ಗೆ ಡಾಕ್ಟರನ್ನು ನೀವೇ ಕೇಳಿ. ಅಂಗಳದ ಪಾಚಿ ಕೆರೆಸಿ, ಅಡಿಕೆ ಸೋಗೆಯನ್ನೋ ದಬ್ಬೆಯನ್ನೋ ಹಾಸಿ. ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಿ. ರಾತ್ರಿ ಎದ್ದಾಗ ತಲೆ ಸುತ್ತಿದರೆ ಬಿ.ಪಿ. ಮಾತ್ರೆಯನ್ನೂ ಒಮ್ಮೆ ತೋರಿಸಿ.

ಕೊನೆಯದಾಗಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಅವರ ಅಮ್ಮನ ಭುಜ ಮುರಿದು ಏಳು ತಿಂಗಳಾಗಿದೆಯಂತೆ. ಓರೆಯಾಗಿ ಕೂಡಿಕೊಂಡಿದೆ, ಕೈ ಮೇಲೇಳುವುದಿಲ್ಲ. ಇನ್ನು ಏನಾದರೂ ಮಾಡಲು ಆಗುತ್ತದಾ ಅಂತ ಕೇಳಿದರು. ಆಗಬಹುದು. ಉಲ್ಟಾ ಕೀಲನ್ನು ತಡವಾಗಿಯೂ ಹಾಕುತ್ತಾರೆ. ಕೆಲಸ ಕಷ್ಟ, ಆದರೆ ನೋವು ಇಳಿದು ಕೈ ಎದ್ದವರು ಇದ್ದಾರೆ. ಹಳೆಯ ಎಕ್ಸ್‌ರೇ ಎಲ್ಲ ಇದೆ, ನಾಳೆಯೇ ತಂದು ತೋರಿಸುತ್ತೇನೆ ಅಂದರು ಅವರು. ಎಕ್ಸ್‌ರೇ ತನ್ನಿ, ಜೊತೆಗೆ ಅಮ್ಮನನ್ನೂ ಕರೆದುಕೊಂಡು ಬನ್ನಿ ಅಂದೆ.